ಮನೆಯಲ್ಲಿ ಮಾಡಿದ ಸಲಾಡ್ ಯಾಕೆ ನೀರು ನೀರಾಗುತ್ತೆ?

ಪುಣೆಗೆ ಬಂದು ಆರು ತಿಂಗಳಾಯ್ತು, ಕೆಫೆಯ ಸಲಾಡ್ ಇಷ್ಟ, ಅದನ್ನೇ ರೂಮಿನಲ್ಲಿ ಮಾಡಿದರೆ ಅರ್ಧ ಗಂಟೆಗೆ ಬಟ್ಟಲಲ್ಲಿ ಬರೀ ನೀರು ನಿಲ್ಲುತ್ತೆ, ಯಾವ ಡ್ರೆಸಿಂಗ್ ಬಾಟಲಿ ತರಲಿ, ಮೇಲೆ ಏನು ಉದುರಿಸಲಿ ಅಂತ ಕೇಳಿದ್ದೀರಿ. ಬಾಟಲಿ ತರಬೇಡಿ. ತಪ್ಪು ಡ್ರೆಸಿಂಗಿನದ್ದಲ್ಲ, ನೀರಿನದ್ದು.

ನಾನು ವಿಜಯಪುರದ ಕಡೆಯವಳು, ಕೋಥ್ರೂಡಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಇದನ್ನೆಲ್ಲ ಕಲಿತದ್ದು ಮಾನ ಕಳೆದುಕೊಂಡ ಮೇಲೆ. ಹಿಂಜವಡಿಯ ಆಫೀಸಿನಲ್ಲಿ ಒಂದು ದಿನ ಎಲ್ಲರೂ ಒಂದೊಂದು ಅಡುಗೆ ತರಬೇಕಿತ್ತು. ನಾನು ಬೆಳಗ್ಗೆ ಏಳಕ್ಕೇ ಸೌತೆಕಾಯಿ, ಟೊಮೆಟೊ, ಲೆಟ್ಯೂಸ್ ಹೆಚ್ಚಿ, ಉಪ್ಪು, ನಿಂಬೆ, ಎಣ್ಣೆ ಎಲ್ಲ ಕಲಸಿ ಡಬ್ಬಿ ತುಂಬಿಕೊಂಡು ಹೋದೆ. ಮಧ್ಯಾಹ್ನ ಮುಚ್ಚಳ ತೆಗೆದರೆ ತಿಳಿಸಾರು. ಪಕ್ಕದ ಮೇಜಿನ ಹುಡುಗ ತುಂಬ ಮರ್ಯಾದೆಯಿಂದ, "ಲೋಟ ತರಲಾ?" ಅಂದ.

ಆಗಿದ್ದೇನು ಅಂದರೆ, ಉಪ್ಪು ತರಕಾರಿಯೊಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಸೌತೆಕಾಯಿಯಲ್ಲಂತೂ ಇರುವುದೇ ನೀರು. ಇನ್ನು ಸೊಪ್ಪಿನ ಕಥೆ ಬೇರೆ. ಎಲೆಯ ಮೇಲೆ ತೆಳ್ಳನೆಯ ಮೇಣದ ಪದರ ಇರುತ್ತದೆ. ನೀರು ಅದರ ಮೇಲೆ ಜಾರಿ ಹೋಗುತ್ತದೆ, ಎಣ್ಣೆ ಮಾತ್ರ ಒಳಗೆ ಇಳಿಯುತ್ತದೆ. ಅದಕ್ಕೇ ಎಣ್ಣೆ ತಾಗಿದ ಎಲೆ ಬೇಗ ಬಾಡುತ್ತದೆ. ಎಲೆ ಒದ್ದೆ ಇದ್ದರೆ ಡ್ರೆಸಿಂಗ್ ಅದಕ್ಕೆ ಅಂಟುವುದೇ ಇಲ್ಲ, ಜಾರಿ ತಳಕ್ಕೆ ಸೇರುತ್ತದೆ. ತಿನ್ನುವಾಗ ಮೇಲೆ ಸಪ್ಪೆ, ಕೆಳಗೆ ಹುಳಿ ನೀರು.

ಹಾಗಾಗಿ ಮೊದಲ ಕೆಲಸ ಒಣಗಿಸುವುದು. ಲೆಟ್ಯೂಸನ್ನು ಹರಿಯುವ ನೀರಿನಲ್ಲಿ ತೊಳೆದು, ಹತ್ತು ನಿಮಿಷ ಐಸ್ ನೀರಿನಲ್ಲಿ ಬಿಡಿ. ಬಾಡಿದ ಎಲೆ ನೀರು ಕುಡಿದು ಮತ್ತೆ ಗರಿಗರಿ ಆಗುತ್ತದೆ. ಆಮೇಲೆ ಒಣಗಿಸಬೇಕು. ಸೊಪ್ಪು ಗರಗರ ತಿರುಗಿಸಿ ನೀರು ಹಾರಿಸುವ ಡಬ್ಬಿ ಸಿಗುತ್ತದೆ, ನನ್ನ ಅಡುಗೆಮನೆಯಲ್ಲಿ ಅದಕ್ಕೆ ಜಾಗ ಇಲ್ಲ. ಹಳೆಯ ಪಂಚೆಯ ತುಂಡಿನಲ್ಲಿ ಎಲೆ ಗಂಟು ಕಟ್ಟಿ, ಬಾಲ್ಕನಿಯಲ್ಲಿ ನಿಂತು ಕವಣೆ ಬೀಸಿದ ಹಾಗೆ ಬೀಸುತ್ತೇನೆ. ಮೊದಲ ಸಲ ಹೀಗೆ ಮಾಡಿದಾಗ ಕೆಳಗಿನ ಮನೆಯ ಅಜ್ಜಿಯ ಹಪ್ಪಳದ ಮೇಲೆ ನೀರು ಬಿತ್ತು. ಅವರು ಕತ್ತೆತ್ತಿ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಪುಣೆಯವರ ಕೊಂಕು ನುಡಿ ನಿಮಗೂ ಇಷ್ಟೊತ್ತಿಗೆ ಪರಿಚಯ ಆಗಿರಬೇಕು, ಅಲ್ವಾ? ಈಗ ನಾನು ಬಚ್ಚಲಲ್ಲಿ ಬೀಸುತ್ತೇನೆ.

ಆದರೆ ನನಗೆ ನಿಜವಾದ ಪಾಠ ಹೇಳಿದ್ದು ಅದೇ ಅಜ್ಜಿ. ಕ್ಷಮೆ ಕೇಳಲು ಹೋದವಳಿಗೆ ಖಮಂಗ್ ಕಾಕಡಿ ತಿನ್ನಿಸಿ ಕಳಿಸಿದರು. ನಮ್ಮ ಕೋಸಂಬರಿಯ ಮರಾಠಿ ತಂಗಿ ಅನ್ನಿ. ಅವರು ಸೌತೆಕಾಯಿ ತುರಿಯುವುದಿಲ್ಲ, ಮಣೆಯ ಮೇಲೆ ಹೆಚ್ಚುವುದೂ ಇಲ್ಲ. ಸಿಪ್ಪೆ ತೆಗೆದು ಎಡಗೈಯಲ್ಲಿ ನಿಲ್ಲಿಸಿ ಹಿಡಿದು, ಚಾಕುವಿನ ಅಲಗಿನಿಂದ ಟಕಟಕ ಅಂತ ಉದ್ದುದ್ದ ಕಚ್ಚು ಹಾಕುತ್ತಾ ಸುತ್ತ ತಿರುಗಿಸುತ್ತಾರೆ. ಆಮೇಲೆ ತುದಿಯಿಂದ ತೆಳ್ಳಗೆ ಕೊಯ್ದರೆ ಸಣ್ಣ ಸಣ್ಣ ಚೂರು ಬೀಳುತ್ತದೆ. ಇದಕ್ಕೆ ಚೋಚವಣೆ ಅನ್ನುತ್ತಾರೆ. ತುರಿದರೆ ಸೌತೆಕಾಯಿ ಜಜ್ಜಿ ಹೋಗಿ ನೀರು ಬಿಡುತ್ತದೆ, ಹೀಗೆ ಮಾಡಿದರೆ ಕಚ್ಚಿದಾಗ ಕರುಂ ಅನ್ನುತ್ತದೆ. ಅದಕ್ಕೆ ಹುರಿದ ಶೇಂಗಾದ ತರಿ ಪುಡಿ, ಕಾಯಿತುರಿ, ಹಸಿಮೆಣಸು, ಚಿಟಿಕೆ ಸಕ್ಕರೆ, ನಿಂಬೆ, ತುಪ್ಪ ಜೀರಿಗೆಯ ಒಗ್ಗರಣೆ. ಉಪ್ಪು ಮಾತ್ರ ಊಟದ ಎಲೆ ಹಾಕಿದ ಮೇಲೆ, ಬಡಿಸುವ ಗಳಿಗೆಯಲ್ಲಿ. ಇದ್ದಬದ್ದ ನೀರನ್ನು ಶೇಂಗಾ ಪುಡಿ ಕುಡಿದುಬಿಡುತ್ತದೆ. ಸಲಾಡಿನ ಶಾಸ್ತ್ರ ಎಲ್ಲ ಇದರಲ್ಲೇ ಇದೆ ಅನ್ನಿಸಿತು ನನಗೆ.

ಈಗ ಡ್ರೆಸಿಂಗ್. ಪುಸ್ತಕದ ಲೆಕ್ಕ ಮೂರು ಪಾಲು ಎಣ್ಣೆಗೆ ಒಂದು ಪಾಲು ಹುಳಿ. ನಮ್ಮ ನಾಲಿಗೆಗೆ ಅದು ಜಿಡ್ಡು. ನಾನು ಎರಡಕ್ಕೆ ಒಂದು ಹಾಕುತ್ತೇನೆ. ಖಾಲಿ ಜಾಮ್ ಬಾಟಲಿಗೆ ನಾಲ್ಕು ಚಮಚ ಎಣ್ಣೆ, ಎರಡು ಚಮಚ ನಿಂಬೆರಸ, ಅರ್ಧ ಚಮಚ ಅರೆದ ಸಾಸಿವೆ, ಅರ್ಧ ಚಮಚ ಜೇನು, ಉಪ್ಪು, ಕಾಳುಮೆಣಸು. ಮುಚ್ಚಳ ಬಿಗಿ ಮಾಡಿ ಚೆನ್ನಾಗಿ ಕುಲುಕಿ. ಸಾಸಿವೆ ಬರೀ ಖಾರಕ್ಕಲ್ಲ, ಎಣ್ಣೆ ಮತ್ತು ಹುಳಿ ಬೇರೆ ಬೇರೆ ಆಗದ ಹಾಗೆ ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಆಲಿವ್ ಎಣ್ಣೆಯೇ ಆಗಬೇಕು ಅಂತ ಇಲ್ಲ. ಇಲ್ಲಿ ಲಾಕಡಿ ಘಾಣಾ ಅಂತ ಬೋರ್ಡು ಹಾಕಿರುವ ಅಂಗಡಿಗಳಲ್ಲಿ ಗಾಣದ ಶೇಂಗಾ ಎಣ್ಣೆ ಸಿಗುತ್ತದೆ, ಅದರ ಘಮವೇ ಬೇರೆ. ನಿಂಬೆ ಬದಲು ಕೋಕಮ್ ಆಗಳ್, ಅಂದರೆ ಕೋಕಮ್ ಹಣ್ಣಿನ ಗಟ್ಟಿ ಹುಳಿ ರಸ, ಕೂಡ ಹಾಕಬಹುದು. ಅದರಲ್ಲಿ ಮೊದಲೇ ಉಪ್ಪು ಇರುತ್ತದೆ, ನೆನಪಿರಲಿ. ನಾನು ಮರೆತು ಒಂದು ಸಲ ಇಡೀ ಬಟ್ಟಲು ಚೆಲ್ಲಿದ್ದೇನೆ.

ಗಟ್ಟಿ, ಬೆಳ್ಳನೆಯ ಡ್ರೆಸಿಂಗ್ ಬೇಕಾದರೆ ಮೇಯೊನೀಸ್ ಬಿಡಿ, ಡೈರಿಗೆ ಹೋಗಿ ಚಕ್ಕಾ ಕೇಳಿ. ಶ್ರೀಖಂಡ ಮಾಡಲು ಮೊಸರಿನ ನೀರು ಬಸಿದು ಇಟ್ಟಿರುತ್ತಾರಲ್ಲ, ಅದು. ಸಕ್ಕರೆ ಹಾಕದ್ದು ಅಂತ ಖಾತ್ರಿ ಮಾಡಿಕೊಳ್ಳಿ. ಮೂರು ಚಮಚ ಚಕ್ಕಾಗೆ ಒಂದು ಚಮಚ ಗುರೆಳ್ಳು ಪುಡಿ, ಒಂದು ಎಸಳು ಜಜ್ಜಿದ ಬೆಳ್ಳುಳ್ಳಿ, ಉಪ್ಪು, ತೆಳ್ಳಗಾಗುವಷ್ಟು ಹಾಲು. ಗುರೆಳ್ಳಿಗೆ ಇಲ್ಲಿ ಕಾರಳೆ ಅನ್ನುತ್ತಾರೆ. ಇದು ನನ್ನ ಸ್ವಂತ ಡ್ರೆಸಿಂಗ್ ಅಂತ ಕೊಚ್ಚಿಕೊಳ್ಳುತ್ತಿದ್ದೆ. ಅವ್ವ ಫೋನಿನಲ್ಲಿ ಕೇಳಿ, "ರೊಟ್ಟಿ ಜೊತಿ ಹಿಂಡಿ ಮೊಸರು ಕಲಿಸಿಕೊಂಡು ತಿಂತಿದ್ದಿ, ಅದಕ್ಕ ಇಂಗ್ಲಿಷ್ ಹೆಸರು ಇಟ್ಟೀ ಅಷ್ಟ" ಅಂದಳು. ಅವಳು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಹಸಿ ಮೆಂತೆ ಸೊಪ್ಪು, ಮೂಲಂಗಿ, ಈರುಳ್ಳಿ, ಹಕ್ಕರಕಿ ಎಲ್ಲ ರೊಟ್ಟಿಗೆ ಹಸಿಹಸಿಯೇ ಕಚ್ಚಿಕೊಂಡು ತಿನ್ನುವವರು. ಎಳೆ ಮೆಂತೆ ಸೊಪ್ಪಿನ ಪಚಡಿ ತಿಂದವರಿಗೆ ಕೆಫೆಯ ಅರುಗುಲಾ ಸೊಪ್ಪು ಹೊಸದೇನಲ್ಲ, ಅದೇ ಸಣ್ಣ ಕಹಿ.

ಮೇಲೆ ಉದುರಿಸುವುದಕ್ಕೆ ನೀವು ಸರಿಯಾದ ಊರಲ್ಲಿದ್ದೀರಿ. ಸೀಸರ್ ಸಲಾಡಿನಲ್ಲಿ ಹುರಿದ ಬ್ರೆಡ್ಡಿನ ತುಂಡು ಹಾಕುತ್ತಾರಲ್ಲ, ನಾನು ಅದರ ಬದಲು ಕಟಕ್ ರೊಟ್ಟಿ ಮುರಿದು ಹಾಕುತ್ತೇನೆ. ಸೀಸರ್ ಅಂದರೆ ರೋಮಿನ ದೊರೆ ಅಂದುಕೊಂಡಿದ್ದೆ. ಅಲ್ಲವಂತೆ. 1924ರಲ್ಲಿ ಮೆಕ್ಸಿಕೋದ ತಿಹುವಾನಾದಲ್ಲಿ ಹೋಟೆಲು ನಡೆಸುತ್ತಿದ್ದ ಸೀಸರ್ ಕಾರ್ಡಿನಿ ಎಂಬ ಇಟಲಿಯವನ ಹೆಸರು ಅದು. ಅವನೂ ಅಡುಗೆಮನೆಯಲ್ಲಿ ಉಳಿದದ್ದನ್ನೇ ಸೇರಿಸಿ ಮಾಡಿದನಂತೆ. ಕಟಕ್ ರೊಟ್ಟಿ ಸಿಗದಿದ್ದರೆ ಭಡಂಗ್ ಅನ್ನುವ ಖಾರದ ಚುರುಮುರಿ, ಇಲ್ಲದಿದ್ದರೆ ಇಲ್ಲಿನ ಗರಿಗರಿ ಸುರುಳಿ ತಿಂಡಿ ಬಾಕರ್ವಡಿ ಎರಡು ಅಂಗೈಯಲ್ಲೇ ಪುಡಿ ಮಾಡಿ ಹಾಕಿ. ಎಲೆಕೋಸು, ಕ್ಯಾರೆಟ್, ಹಸಿ ಮಾವಿನಕಾಯಿ ಎಳೆಎಳೆಯಾಗಿ ಹೆಚ್ಚಿ ಮೇಲೆ ಬಾಕರ್ವಡಿ ಉದುರಿಸಿದ್ದು ನನ್ನ ಮಗನಿಗೆ ಪ್ರಾಣ. ಹುರಿದ ಕುಂಬಳಬೀಜ, ಅಗಸೆ ಎಲ್ಲ ಒಳ್ಳೆಯದೇ, ಹಾಕಿಕೊಳ್ಳಿ. ಡಿಸೆಂಬರಿನಿಂದ ಮಾರ್ಚ್ ತನಕ ಮಹಾಬಳೇಶ್ವರದ ಸ್ಟ್ರಾಬೆರಿ ರಸ್ತೆ ರಸ್ತೆಯಲ್ಲಿ ಸಿಗುತ್ತದೆ. ಹುಳಿ ಇದ್ದವನ್ನು ಆರಿಸಿ, ಎಳೆ ಪಾಲಕ್, ಪನೀರು, ಕಾಳುಮೆಣಸಿನ ಜೊತೆ ತಿಂದು ನೋಡಿ.

ತರಕಾರಿ ಎಲ್ಲಿ ಅಂತಲೂ ಕೇಳಿದ್ದೀರಿ. ವಾರಕ್ಕೊಮ್ಮೆ ಬಿಡುವಿದ್ದರೆ ಮಂಡಯಿಗೆ ಹೋಗಿ. 1886ರಲ್ಲಿ ತೆರೆದ ಮಾರ್ಕೆಟ್ಟು, ಕಲ್ಲಿನ ಕಟ್ಟಡ ನೋಡುವುದಕ್ಕಾದರೂ ಹೋಗಬೇಕು. ಉಳಿದ ದಿನ ಮನೆ ಹತ್ತಿರದ ಗಾಡಿಯವನೇ ಸಾಕು.

ಮಳೆಗಾಲದಲ್ಲಿ ಮಾತ್ರ ನಾನು ಹಸಿ ಸೊಪ್ಪಿನ ತಂಟೆಗೆ ಹೋಗುವುದಿಲ್ಲ. ಎಲೆಯ ಮಡಿಕೆಯಲ್ಲಿ ಮಣ್ಣು, ಹುಳ, ಎಷ್ಟು ತೊಳೆದರೂ ಸಮಾಧಾನ ಆಗುವುದಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಮನೆಯಲ್ಲಿ ಕಾಳಿನ ಸಲಾಡ್. ಕಾಬೂಲಿ ಕಡಲೆ ರಾತ್ರಿ ನೆನೆಸಿ ಬೆಳಗ್ಗೆ ಬೇಯಿಸಿ. ಇಲ್ಲಿ ನಿಯಮ ಉಲ್ಟಾ. ಸೊಪ್ಪಿಗೆ ಡ್ರೆಸಿಂಗ್ ಕೊನೆಗೆ, ಕಾಳಿಗೆ ಮೊದಲೇ, ಅದೂ ಬಿಸಿ ಇರುವಾಗಲೇ. ಬಿಸಿ ಕಾಳು ಹುಳಿ ಖಾರ ಹೀರಿಕೊಳ್ಳುತ್ತದೆ, ಆರಿದ ಮೇಲೆ ಹಾಕಿದರೆ ಹೊರಗೇ ಉಳಿಯುತ್ತದೆ. ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ಹತ್ತು ನಿಮಿಷ ತಣ್ಣೀರಿನಲ್ಲಿ ಹಾಕಿ ಹಿಂಡಿದರೆ ಘಾಟು ಹೋಗುತ್ತದೆ. ಮಧ್ಯಾಹ್ನ ಮೀಟಿಂಗ್ ಇರುವವರಿಗೆ ಇದು ಮುಖ್ಯ.

ಆಫೀಸಿಗೆ ಒಯ್ಯುವುದಾದರೆ ಎತ್ತರದ ಡಬ್ಬಿ ತೆಗೆದುಕೊಳ್ಳಿ. ತಳದಲ್ಲಿ ಡ್ರೆಸಿಂಗ್, ಅದರ ಮೇಲೆ ಕಾಳು, ಆಮೇಲೆ ಕ್ಯಾರೆಟ್ಟು ಸೌತೆಕಾಯಿ, ಪನೀರು, ಎಲ್ಲಕ್ಕಿಂತ ಮೇಲೆ ಒಣಗಿದ ಎಲೆ. ಡಬ್ಬಿ ನೆಟ್ಟಗೆ ಇರಲಿ. ತಿನ್ನುವಾಗ ತಟ್ಟೆಗೆ ಬೋರಲು ಹಾಕಿದರೆ ಡ್ರೆಸಿಂಗ್ ತಾನೇ ಮೇಲಿನಿಂದ ಇಳಿಯುತ್ತದೆ. ಬಾಕರ್ವಡಿ ಮಾತ್ರ ಬೇರೆ ಪೊಟ್ಟಣದಲ್ಲಿ ಕಟ್ಟಿಕೊಳ್ಳಿ. ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಅದು ಆಫೀಸಿನ ತನಕ ಉಳಿಯುತ್ತದೆ ಅಂತ ನಾನು ಹೇಳಲಾರೆ.