ಗಾಳಿ ಬೇಗ ಮುಗಿಯುತ್ತದೆ, ಮಾಸ್ಕಿಗೆ ನೀರು ಬಂದರೆ ಗಾಬರಿ

ಪ್ರಶ್ನೆ: ಹಾಸನದವನು. ಮುರುಡೇಶ್ವರದಲ್ಲಿ ಸ್ಕೂಬಾ (ಸಿಲಿಂಡರ್ ಹೊತ್ತು ನೀರೊಳಗೆ ಇಳಿಯುವ) ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದ್ದೇನೆ, ನೇತ್ರಾಣಿ ದ್ವೀಪದಲ್ಲಿ ನಾಲ್ಕು ಡೈವ್ ಆಗಿದೆ. ಜೊತೆಯವರಿಗಿಂತ ಹತ್ತು ನಿಮಿಷ ಮೊದಲೇ ನನ್ನ ಗಾಳಿ ಖಾಲಿಯಾಗುತ್ತದೆ. ಮಾಸ್ಕಿಗೆ ನೀರು ನುಗ್ಗಿದರೆ ಎದೆ ಡವಡವ. ಧೈರ್ಯ ಬರುವುದು ಹೇಗೆ? ಭಾನುವಾರ ಡೈವ್ ಮುಗಿಸಿ ಅಂದೇ ರಾತ್ರಿ ಊರು ಸೇರಬಹುದೇ?

ಉತ್ತರ: ನಾಲ್ಕೇ ಡೈವಿಗೆ ಧೈರ್ಯ ಬಂದುಬಿಟ್ಟವರ ಬಗ್ಗೆಯೇ ನಮಗೆ ಹೆಚ್ಚು ಭಯ. ನಿಮ್ಮದು ಸರಿಯಾದ ಅಳುಕು.

ಗಾಳಿಯ ವಿಷಯಕ್ಕೆ ಮೊದಲು, ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸ ನೋಡಿ. ಹೊಸಬರು ತೇಲಿಹೋಗಬಾರದೆಂದು ಕೋರ್ಸಿನಲ್ಲಿ ಒಂದೆರಡು ಕಿಲೋ ಹೆಚ್ಚೇ ಕಟ್ಟುವುದುಂಟು. ಆ ಭಾರ ತೂಗಿಸಲು ಬಿಸಿಡಿಗೆ (ತೇಲುವುದನ್ನು ಹೊಂದಿಸುವ ಜಾಕೆಟ್ಟಿಗೆ) ಗಾಳಿ ತುಂಬಬೇಕು. ಆ ಗಾಳಿ ನೀವು ಕೊಂಚ ಏರಿದರೆ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ. ಮೇಲೆ ಕೆಳಗೆ ತೂಗಾಡುತ್ತಾ ಕಾಲು ಬಡಿಯುತ್ತೀರಿ, ಬಡಿದಷ್ಟೂ ಏದುಸಿರು.

ಮುಂದಿನ ಸಲ ಆಳಕ್ಕಿಳಿಯುವ ಮುನ್ನ, ನೀರಿನ ಮೇಲ್ಮೈಯಲ್ಲೇ, ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಉಸಿರಾಡುವ ಸಾಧನ) ಬಾಯಲ್ಲಿಟ್ಟು ಬಿಸಿಡಿಯ ಗಾಳಿ ಪೂರ್ತಿ ಬಿಡಿ. ಕಾಲು ಆಡಿಸದೆ ನೆಟ್ಟಗೆ ನಿಲ್ಲಿ. ಸಾಧಾರಣ ಉಸಿರೆಳೆದು ತಡೆದಾಗ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟರೆ ಮೆಲ್ಲಗೆ ಮುಳುಗಬೇಕು. ತುಂಬಿದ ಸಿಲಿಂಡರಿನಲ್ಲಿ ಹೀಗಾದರೆ ಸುಮಾರು 2 ಕಿಲೋ ಸೇರಿಸಿ. ನೀವು ಉಸಿರಾಡಿ ಮುಗಿಸುವ ಗಾಳಿಯ ತೂಕವೇ ಅಷ್ಟಿದೆ. ಸೇರಿಸದಿದ್ದರೆ ಸಿಲಿಂಡರಿನಲ್ಲಿ 50 ಬಾರ್ (ಒತ್ತಡದ ಅಳತೆ) ಉಳಿದಾಗ, ಮೇಲೇರುವ ದಾರಿಯಲ್ಲಿ 5 ಮೀಟರ್ ಆಳದ ಸೇಫ್ಟಿ ಸ್ಟಾಪಿನಲ್ಲಿ ಮೂರು ನಿಮಿಷ ನಿಲ್ಲಲಾಗದು. ಉಸಿರು ತಡೆಯುವುದು ಈ ಪರೀಕ್ಷೆಗೆ, ಮೇಲ್ಮೈಯಲ್ಲಿ ಮಾತ್ರ. ಆಳದಲ್ಲಿ ಎಂದೂ ತಡೆಯಬೇಡಿ.

ಹತ್ತು ನಿಮಿಷದ ಲೆಕ್ಕ ಹೀಗೆ: 11 ಲೀಟರ್ ಸಿಲಿಂಡರಿನಲ್ಲಿ 200ರಿಂದ 50 ಬಾರ್‌ವರೆಗೆ ಸಿಗುವುದು 1,650 ಲೀಟರ್. 10 ಮೀಟರ್ ಆಳದಲ್ಲಿ ಒತ್ತಡ ಎರಡರಷ್ಟು, ಖರ್ಚೂ ಎರಡರಷ್ಟು. ಮೇಲೆ ನಿಮಿಷಕ್ಕೆ 25 ಲೀಟರ್ ಎಳೆಯುವವರಿಗೆ ಅಲ್ಲಿ 33 ನಿಮಿಷ, 18 ಲೀಟರಿನವರಿಗೆ 45. ಗಾಳಿ ಉಳಿಸಲೆಂದು ನಡುನಡುವೆ ಉಸಿರು ತಡೆಯಬೇಡಿ, ಇಂಗಾಲದ ಡೈಆಕ್ಸೈಡ್ ಸೇರಿ ತಲೆನೋವು ಬರುತ್ತದೆ. ಉದ್ದಕ್ಕೆ ಬಿಡಿ, ಎಳೆಯುವುದು ತಾನಾಗಿ ಸರಿಹೋಗುತ್ತದೆ. ಪ್ರತಿ ಡೈವಿನ ಸೀಸದ ತೂಕ, ಸೂಟಿನ ದಪ್ಪ, ಆಳ, ಸಮಯ, ಶುರು ಮತ್ತು ಕೊನೆಯ ಬಾರ್ ಲಾಗ್‌ಬುಕ್ಕಿನಲ್ಲಿ ಬರೆದಿಡಿ.

ಮಾಸ್ಕಿನ ಗಾಬರಿಗೆ ಊರಿನ ಈಜುಕೊಳ ಸಾಕು. ಸೊಂಟದ ನೀರಿನಲ್ಲಿ, ಪಕ್ಕದಲ್ಲೊಬ್ಬರನ್ನು ನಿಲ್ಲಿಸಿಕೊಂಡು, ಮಾಸ್ಕಿಲ್ಲದೆ ಸ್ನಾರ್ಕೆಲ್ (ಉಸಿರಾಟದ ಕೊಳವೆ) ಕಚ್ಚಿ ಮುಖ ಮುಳುಗಿಸಿ. ಮೂಗಿಗೆ ನೀರು ತಾಗುತ್ತಿದ್ದರೂ ಬಾಯಲ್ಲೇ ಎರಡು ನಿಮಿಷ ಉಸಿರಾಡುವುದು ರೂಢಿಯಾಗಲಿ. ಮೀಸೆಯಿದ್ದರೆ ಮಾಸ್ಕ್ ಸೋರುವುದು ಸಹಜ. ಮೂಗಿನ ಕೆಳಗೆ ಸಣ್ಣ ಪಟ್ಟಿ ಬೋಳಿಸಿದರೆ ಸಾಕು, ಪೂರ್ತಿ ತೆಗೆಯಬೇಕಿಲ್ಲ. ಹೇಮಾವತಿ ಹಿನ್ನೀರಿನಲ್ಲಿ ಅಭ್ಯಾಸದ ಯೋಚನೆಯಿದ್ದರೆ ಬಿಡಿ: ಕೆಸರು, ಮೀನಿನ ಬಲೆ, ಮೇಲಾಗಿ ಆ ಎತ್ತರಕ್ಕೆ ಡೈವಿನ ಲೆಕ್ಕವೇ ಬೇರೆ.

ಮಳೆಗಾಲದಲ್ಲಿ ನೇತ್ರಾಣಿ ಬಂದ್. ಅದಕ್ಕೆ ಮೊದಲೇ ಎರಡು ಮೂರು ವಾರಾಂತ್ಯ ಹತ್ತಿರ ಹತ್ತಿರ ಹೋಗಿ, 12 ಮೀಟರ್ ದಾಟದೆ ಮಾಡಿ. ಆರು ತಿಂಗಳು ಬಿಟ್ಟಿದ್ದರೆ ಬೋಟ್ ಹತ್ತುವ ಮೊದಲು ರಿಫ್ರೆಶರ್ (ಕಲಿತದ್ದನ್ನು ಮತ್ತೆ ಅಭ್ಯಾಸ ಮಾಡಿಸುವ ಪಾಠ) ಆಗಲಿ.

ಅಂದೇ ರಾತ್ರಿ ಊರಿಗೆ ಹೊರಡುವುದು ಮಾತ್ರ ಬೇಡ. ಡೈವ್ ಆದ ಕೂಡಲೇ ವಿಮಾನ ಹತ್ತಬಾರದೆಂದು ಎಲ್ಲರಿಗೂ ಗೊತ್ತು, ಶಿರಾಡಿ ಘಾಟ್ ನೆನಪಾಗುವುದಿಲ್ಲ. ಸಕಲೇಶಪುರ, ಹಾಸನ 900 ಮೀಟರಿಗೂ ಮೇಲಿವೆ. ರಕ್ತದಲ್ಲಿ ಉಳಿದ ಸಾರಜನಕ ಒತ್ತಡ ಇಳಿದಾಗ ಗುಳ್ಳೆಯಾಗಬಹುದು. ವಿಮಾನದ ನಿಯಮವನ್ನೇ ಪಾಲಿಸಿ: ಒಂದೇ ಡೈವ್ ಆಗಿದ್ದರೆ 12 ಗಂಟೆ, ಎರಡಾದರೆ 18. ಭಾನುವಾರ ಮಧ್ಯಾಹ್ನ 12ಕ್ಕೆ ಎರಡನೆಯದು ಮುಗಿದರೆ ಘಾಟ್ ಹತ್ತುವುದು ಸೋಮವಾರ ಬೆಳಗ್ಗೆ 6ರ ನಂತರ. ಒಂದು ದಿನ ರಜೆ ಹಾಕಿ.