ನಾಗಂದಿಗೆ ಮೇಲಿನ ಪಾತ್ರೆ ಮತ್ತು ಮನೆ ಹಿಂದಿನ ಧರೆ

ಹೆಗಡೇರೆ, ನಿಮ್ಮ ಮೆಸೇಜು ಎರಡು ಸಲ ಓದಿದೆ. ಸೋಮವಾರ ರಾತ್ರಿ ಗುಡುಗಿನ ಹಾಗೆ ಸದ್ದಾಯ್ತು, ನಾಗಂದಿಗೆ ಮೇಲಿನ ಪಾತ್ರೆ ಗಡಗಡ ಅಂತು, ಇದು ಭೂಕಂಪವಾ ಅಂತ ಕೇಳಿದ್ರಿ. ಕೊನೇ ಸಾಲಿನಲ್ಲಿ, ಬರೆಯೋದೋ ಬೇಡವೋ ಅನ್ನೋ ಹಾಗೆ, ಮನೆ ಹಿಂದಿನ ಧರೆ (ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆ) ಮೇಲೆ ಬಿರುಕು ಬಿಟ್ಟಿದೆ ಅಂತಲೂ ಇತ್ತು. ಕೆಳಗೆ ಒಬ್ಬರು ‘ನಮ್ಮೂರು ಡೇಂಜರ್ ಝೋನು’ ಅಂದ್ರು, ಇನ್ನೊಬ್ಬರು ‘ಸಿರಸಿ ಕಡೆ ಭೂಕಂಪ ಆಗೂದೇ ಇಲ್ಲ’ ಅಂದ್ರು. ಬಿರುಕಿನ ಬಗ್ಗೆ ಯಾರೂ ಉಸಿರೆತ್ತಲಿಲ್ಲ. ನನಗೆ ಹೆದರಿಕೆ ಆಗಿದ್ದು ಆ ಸಾಲಿಗೆ.

ಮೊದಲು ಪಾತ್ರೆ ವಿಷಯ. ನೆಲದ ಹತ್ತಿರವೇ ಹುಟ್ಟುವ ಸಣ್ಣ ಕಂಪನಕ್ಕೆ ಹೀಗೆ ಸದ್ದು ಬರ್ತದೆ. ಕಲ್ಲುಕ್ವಾರಿಯಲ್ಲಿ ಸಿಡಿಮದ್ದು ಹಾಕಿದರೂ ಹೆಚ್ಚುಕಡಿಮೆ ಇದೇ ಅನುಭವ. ಹತ್ತು ಹದಿನೈದು ಕಿಲೋಮೀಟರ್ ಆಚೆಯ ನೆಂಟರಿಗೆ ಫೋನ್ ಮಾಡಿ, ಅದೇ ನಿಮಿಷಕ್ಕೆ ಅವರಿಗೂ ಗೊತ್ತಾಯ್ತಾ ಕೇಳಿ. ರಾಷ್ಟ್ರೀಯ ಭೂಕಂಪನ ಕೇಂದ್ರದ ‘ಭೂಕಂಪ್’ ಆ್ಯಪಿನಲ್ಲೂ ನೋಡಬಹುದು. ತೀವ್ರತೆ 3ರ ಕಂಪನ ಆಗಿದ್ರೂ ಮನೆಗೆ ಸಾಮಾನ್ಯವಾಗಿ ಏನೂ ಆಗೂದಿಲ್ಲ. ಒಂದು ಅಂಕಿ ಏರಿದರೆ ಹೊಮ್ಮುವ ಶಕ್ತಿ ಸುಮಾರು 32 ಪಟ್ಟು. 3ಕ್ಕೂ 6ಕ್ಕೂ ನಡುವೆ ಮೂವತ್ತು ಸಾವಿರ ಪಟ್ಟಿಗಿಂತ ಹೆಚ್ಚು ಅಂತರ. ‘ಇನ್ನು 24 ಗಂಟೆಯಲ್ಲಿ ದೊಡ್ಡದು ಬರ್ತದೆ’ ಅನ್ನುವ ಆಡಿಯೋ ಒಂದು ತಿರುಗ್ತಾ ಇದೆಯಲ್ಲ, ಅದನ್ನು ಅಳಿಸಿ. ಭೂಕಂಪದ ದಿನ, ಗಂಟೆ ಮೊದಲೇ ಹೇಳುವ ವಿದ್ಯೆ ಪ್ರಪಂಚದಲ್ಲಿ ಯಾರ ಹತ್ತಿರವೂ ಇಲ್ಲ.

ಝೋನು ಅಂದವರಿಗೆ: ಹೌದು, 2002ರ ಭೂಕಂಪ ವಲಯಗಳ ನಕ್ಷೆಯಲ್ಲಿ ನಮ್ಮ ಕರಾವಳಿ 3ನೇ ವಲಯ, ರಾಜ್ಯದ ಒಳನಾಡು ಬಹುತೇಕ 2. ಆದರೆ ವಲಯ ಹೇಳೂದು ನೆಲ ಎಷ್ಟು ಅಲ್ಲಾಡಬಹುದು ಅಂತ ಮಾತ್ರ. ನಿಮ್ಮ ಮನೆ ಬೀಳ್ತದಾ ಅನ್ನೂದು ಅದರಲ್ಲಿ ಇಲ್ಲ. ನಮ್ಮ ಅಡಿಕೆಯ ಕೊಳೆರೋಗವನ್ನೇ ತಗೊಳ್ಳಿ. ಮಳೆ, ಕೊಳೆ ಎರಡೂ ಇಡೀ ಊರಿಗೆ ಒಂದೇ, ಅದು ಅಪಾಯ. ಹೊತ್ತಿಗೆ ಸರಿಯಾಗಿ ಬೋರ್ಡೋ ಮದ್ದು ಹೊಡೆದವನ ತೋಟಕ್ಕೂ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಗಲಿಲ್ಲ ಅಂತ ಕೂತವನ ತೋಟಕ್ಕೂ ರಿಸ್ಕು ಬೇರೆ ಬೇರೆ. ಇಡೀ ಊರಿನ ಫಸಲು ಉದುರಿ, ನಮ್ಮ ಕೈಯಲ್ಲಿ ಸುಧಾರಿಸಲಿಕ್ಕೆ ಆಗದೇ ಹೋದರೆ ಆಗ ಅದು ವಿಪತ್ತು. ಮಳೆ ನಮ್ಮ ಕೈಲಿಲ್ಲ, ಮದ್ದು ಇದೆ.

ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪ ನೆನಪಿದೆಯಾ? 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ಬಿಟ್ಟು ಬಂದು ಜನ ಮಲಗಿದ್ದರು. ತೀವ್ರತೆ 6.2, ಸತ್ತವರು ಹತ್ತಿರ ಹತ್ತಿರ 10 ಸಾವಿರ. ಆಗಿನ ನಕ್ಷೆಯಲ್ಲಿ ಆ ಊರು ಎಲ್ಲಕ್ಕಿಂತ ಕಡಿಮೆ ಅಪಾಯದ 1ನೇ ವಲಯ! ಕೊಂದದ್ದು ಮಣ್ಣಲ್ಲಿ ಕೂರಿಸಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ವರ್ಷವರ್ಷವೂ ಹೇರಿದ ಮಣ್ಣಿನ ಮಾಳಿಗೆ.

ಹಾಗಾಗಿ ಮನೆ ನೋಡಿ. ನಿಮ್ಮದು ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಗೋಡೆ ಮಣ್ಣಲ್ಲಿ ಕಟ್ಟಿದ್ದಾದರೆ, ಮುಂದಿನ ರಿಪೇರಿಗೆ ಕಿಟಕಿ ಬಾಗಿಲ ಮೇಲಿನ ಮಟ್ಟದಲ್ಲಿ ಮನೆ ಸುತ್ತ ಕಾಂಕ್ರೀಟ್ ಬೆಲ್ಟು ಹಾಕಿಸುವ ಬಗ್ಗೆ ಇಂಜಿನಿಯರ್ ಹತ್ತಿರ ಕೇಳಿ. ಮಾಡಿನ ಎರಡು ತುದಿಯ ತ್ರಿಕೋನದ ಗೋಡೆ ಮೊದಲು ಬೀಳುವ ಜಾಗ, ಅದರ ಬುಡದಲ್ಲಿ ಮಂಚ ಬೇಡ. ಬಚ್ಚಲಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕಿ ತುಂಬಿದರೆ ಒಂದು ಟನ್ನು. ನಾಲ್ಕು ಇಟ್ಟಿಗೆ ಕಂಬದ ಮೇಲೆ ಕೂತಿದ್ರೆ ಇಳಿಸಿ. ನಾಗಂದಿಗೆ ಮೇಲಿನ ಹಂಡೆ ಕೆಳಗಿರಲಿ. ನೆಲ ಅಲ್ಲಾಡುವಾಗ ಗಟ್ಟಿ ಮೇಜಿನ ಅಡಿ ತೂರಿ ಅದರ ಕಾಲು ಹಿಡ್ಕೊಳ್ಳಿ. ಹಂಚು ಉದುರುವ ಸೂರಿನ ಅಡಿ ಓಡಬೇಡಿ.

ಈಗ ಧರೆ. ನಮ್ಮ ಜಿಲ್ಲೆಯಲ್ಲಿ ನೆಲ ಜನರನ್ನು ಕೊಂದಿದ್ದು ಮಳೆಗೆ ಕುಸಿದು. ಕಾರವಾರದ ಕಡವಾಡ ಝರಿವಾಡದಲ್ಲಿ 2009ರ ಅಕ್ಟೋಬರ್ 2ರಂದು 19 ಜನ ಹೋದರು. ಮಳೆಗಾಲ ಮುಗೀತು ಅಂತ ನಾವೆಲ್ಲ ಕೊಡೆ ಮಡಚಿಡುವ ಹೊತ್ತು ಅದು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನ ಗುಡ್ಡ ಹೆದ್ದಾರಿ ದಾಟಿ ಗಂಗಾವಳಿಗೆ ಬಿತ್ತು, ನದಿ ನೀರು ಎದ್ದು ಆಚೆ ದಡದ ಉಳುವರೆಗೂ ಬಡಿಯಿತು. ಕೆಂಪುಕಲ್ಲಿನ ಅಡಿ ಶೇಡಿಮಣ್ಣು (ಮೆತ್ತನೆಯ ಜೇಡಿಮಣ್ಣು) ಇರುವ ಕಡೆ ನೀರು ಇಳಿದು ಆ ಪದರ ಸಾಬೂನಿನಂತಾಗ್ತದೆ, ಮೇಲಿನ ಭಾರ ಜಾರ್ತದೆ.

ನಾನೂ ಪೆಟ್ಟು ತಿಂದವನೇ. ಅಂತರ್ಜಲ ಹೆಚ್ಚಲಿ ಅಂತ ಧರೆಯ ನೆತ್ತಿಯಲ್ಲೇ ಆರು ಇಂಗುಗುಂಡಿ ತೆಗೆಸಿದ್ದೆ. ಮರು ಮಳೆಗಾಲಕ್ಕೆ ನಲವತ್ತು ಅಡಿಕೆಮರ ಸಮೇತ ಧರೆ ತೋಟಕ್ಕೆ ಬಂತು. ಇಂಗುಗುಂಡಿ ಒಳ್ಳೆಯದೇ, ಆದರೆ ಕಡಿದಾದ ಧರೆ ತಲೆ ಮೇಲಲ್ಲ.

ನಿಮ್ಮ ಬಿರುಕು ಧರೆಯ ಅಂಚಿಗೆ ಸಮನಾಗಿ ಉದ್ದಕ್ಕೆ ಹೋಗಿದೆಯಾ? ಹಾಗಿದ್ರೆ ತಡ ಮಾಡಬೇಡಿ. ಬಿರುಕಿಗೆ ಅಂಟುಮಣ್ಣು ತುಂಬಿ ಗುದ್ದಿ, ಮೇಲೆ ತಾಡಪಾಲು ಹಾಸಿ. ಅದಕ್ಕಿಂತ ಮೇಲೆ ಅಗಳ ತೋಡಿ ಬೆಟ್ಟದ ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಿ. ಬುಡದಲ್ಲಿ ಈಗ ಜೆಸಿಬಿ ಆಡಿಸಲೇಬೇಡಿ. ಹೊಸ ಒರತೆ ಎದ್ದರೆ, ಒರತೆ ನೀರು ಕೆಂಪಾದರೆ, ಮರ ವಾಲಿದರೆ, ಹಿಂದಿನ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ ಮನೆ ಬಿಟ್ಟು ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಮಾಡಿ. ಸೋಮವಾರದ ಸದ್ದು ಆ ಧರೆಯೊಳಗಿಂದಲೇ ಬಂದಿರಲಿಕ್ಕೂ ಸಾಕು. ಆಯಿಯನ್ನು ಹಿಂದಿನ ಕೋಣೆಯಲ್ಲಿ ಮಲಗಿಸಬೇಡಿ, ಜೋರು ಮಳೆಯ ರಾತ್ರಿ ಎಲ್ಲರೂ ತಮ್ಮನ ಮನೆಗೆ ಹೋಗಿ. ಪಂಚಾಯ್ತಿಗೂ ತಹಶೀಲ್ದಾರ್ ಕಚೇರಿಗೂ ಫೋಟೊ ಸಮೇತ ಅರ್ಜಿ ಕೊಟ್ಟು, ಭೂವಿಜ್ಞಾನಿಯಿಂದ ನೋಡಿಸಿ ಅಂತ ಬರೆಯಿರಿ.

ನಾಳೆ ಬೆಳಿಗ್ಗೆ ಬಿರುಕಿನ ಆಚೆ ಈಚೆ ಒಂದೊಂದು ಗೂಟ ಹೊಡೆದು ನಡುವಿನ ಅಂತರ ಅಳೆದು ಇಲ್ಲೇ ಹಾಕಿ. ಸಂಜೆ ಮತ್ತೆ ಅಳೆಯಿರಿ. ಅಗಳ ತೋಡಲಿಕ್ಕೆ ಆಳು ಬೇಕಾದ್ರೆ ಹೇಳಿ, ನಮ್ಮಲ್ಲಿ ಇಬ್ಬರು ಶುಕ್ರವಾರದವರೆಗೆ ಇದ್ದಾರೆ.