ಆ ಸೀರೆ ಬಿಚ್ಚಬೇಡ, ತಂಗಿ

ಪತ್ರ: ಅಕ್ಕಾ, ನಾನು ಧಾರವಾಡದ ಮಾಳಮಡ್ಡಿಯವಳು. ವಯಸ್ಸು 29. ಕಸೂತಿಯನ್ನು ಅಜ್ಜಿಯಿಂದ ಕಲಿತೆ. ಗೋಪುರ, ತೇರು, ನವಿಲು, ಆನೆ ಅಂಬಾರಿ ಎಲ್ಲ ಹಾಕುತ್ತೇನೆ, ಆರ್ಡರೂ ಬರುತ್ತವೆ. ಆದರೆ ನನ್ನದೇ ಒಂದು ಚಿತ್ತಾರ ಮಾಡಬೇಕೆಂಬ ಆಸೆ ಬಹಳ ದಿನದಿಂದ ಇತ್ತು. ನನ್ನ ತವರು ಅಣ್ಣಿಗೇರಿ ಕಡೆ. ಅಲ್ಲಿನ ಕಪ್ಪು ಮಣ್ಣಿನ ಎರಿ ಹೊಲ, ಉಳುವ ಗಳೆ ಹಿಂದೆ ನಡೆದು ಬರುವ ಬೆಳ್ಳಕ್ಕಿ, ಇವನ್ನೇ ಹಾಳೆಯ ಮೇಲೆ ಬರೆದುಕೊಂಡು ಒಂದು ಕರಿ ಇಳಕಲ್ ಸೀರೆಗೆ ಹಾಕಿದೆ. ನಾಲ್ಕು ತಿಂಗಳು ಹಿಡಿಯಿತು. ಹುಬ್ಬಳ್ಳಿಯ ಒಂದು ಮೇಳದಲ್ಲಿಟ್ಟರೆ ಯಾರೂ ಕೊಳ್ಳಲಿಲ್ಲ. ಒಬ್ಬರು "ಇದೇನು, ಬೇಲಿನಾ?" ಎಂದು ಕೇಳಿದರು. ಅತ್ತೆ "ಬರೂದನ್ನ ಮಾಡವಾ, ಸುಮ್ನ ಕಣ್ಣ ಯಾಕ ಕೆಡಿಸ್ಕೊಂತಿ" ಅನ್ನುತ್ತಾರೆ. ಸೀರೆ ಪೂರಾ ಬಿಚ್ಚಿಬಿಡಲೇ? ಹೊಸದು ಮಾಡುವ ಕೈ ನನಗಿಲ್ಲವೇನೋ.

ಉತ್ತರ: ತಂಗೀ, ಸೀರೆ ಬಿಚ್ಚಬೇಡ. ಉಳಿದದ್ದೆಲ್ಲ ಆಮೇಲೆ.

ಕರಿ ಸೀರೆಯ ಒಡಲನ್ನೇ ಎರಿ ಮಣ್ಣು ಮಾಡಿಕೊಂಡು ಅದರ ಮೇಲೆ ಬಿಳಿ ದಾರದಲ್ಲಿ ಹಕ್ಕಿ ಇಳಿಸುವುದು ಎಲ್ಲರಿಗೂ ಹೊಳೆಯುವ ಮಾತಲ್ಲ. ನಿನ್ನ ಪತ್ರ ಓದುವಾಗ ಆ ಹೊಲ ನನ್ನ ಕಣ್ಣಿಗೆ ಕಟ್ಟಿತು. ನೋಡಿದವರ ಕಣ್ಣಿಗೆ ಮಾತ್ರ ಅದು ಬೇಲಿಯಾಯಿತು. ಅಂದರೆ ನಿನ್ನ ಮನಸ್ಸಿನಿಂದ ಬಟ್ಟೆಗೆ ಬರುವ ದಾರಿಯಲ್ಲಿ ಎಲ್ಲೋ ಒಂದೆರಡು ಎಳೆ ತಪ್ಪಿದೆ. ಅದು ಎಲ್ಲಿ ಅಂತ ಹುಡುಕೋಣ.

ಗವಂತಿ ಹೊಲಿಗೆ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಗಂಟು ಹಾಕದೆ ಶುರು. ಹೋಗುವಾಗ ಒಂದು ಮನೆ, ಅಂದರೆ ಒಂದು ಹೊಲಿಗೆಯಷ್ಟು ಜಾಗ, ತುಂಬಿ ಇನ್ನೊಂದು ಮನೆ ಬಿಡುತ್ತೀ, ಬರುವಾಗ ಬಿಟ್ಟ ಮನೆ ತುಂಬುತ್ತೀ. ಹೋಗುವಾಗ ನಾಲ್ಕು ಎಳೆಯ ಬದಲು ಐದು ಎಣಿಸಿದ್ದರೆ ಅಲ್ಲಿ ಗೊತ್ತೇ ಆಗುವುದಿಲ್ಲ. ಸಾಲು ಚೆಂದವಾಗಿಯೇ ಕಾಣುತ್ತದೆ. ತಿರುಗಿ ಬರುವಾಗ ಗೆರೆಗೆ ಗೆರೆ ಕೂಡುವುದಿಲ್ಲ, ಎದೆ ಧಸಕ್ ಅನ್ನುತ್ತದೆ. ಆಗ ನೀನು ಏನು ಮಾಡುತ್ತೀ? ಇಡೀ ತೇರು ಬಿಚ್ಚುತ್ತೀಯಾ? ಸೂಜಿಯ ಹಿಂಬದಿಯಿಂದ ಒಂದೊಂದೇ ಹೊಲಿಗೆ ಎತ್ತುತ್ತಾ ಹೋಗುತ್ತೀ. ಐದು ಎಣಿಸಿದ ಜಾಗ ಸಿಕ್ಕ ಕೂಡಲೇ ನಿಲ್ಲಿಸುತ್ತೀ. ಇಷ್ಟು ವರ್ಷ ಕೈಗೆ ರೂಢಿಯಾದ ಈ ಕೆಲಸವನ್ನೇ ಈಗ ಬೆಳ್ಳಕ್ಕಿಗೆ ಮಾಡಬೇಕು.

ನನಗೆ ಅನ್ನಿಸುವುದು ಹೇಳಲಾ? ತಪ್ಪಿದ್ದು ಹಕ್ಕಿಯ ಕುತ್ತಿಗೆಯಲ್ಲಿ. ಹಾಳೆಯ ಮೇಲೆ ಪೆನ್ಸಿಲ್ ಹೇಗೆ ಬೇಕಾದರೂ ಬಾಗುತ್ತದೆ. ಕಸೂತಿ ಬಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಅಡ್ಡ, ಉದ್ದ, ಓರೆ, ಅಷ್ಟೇ. ಬಾಗಿದ ಗೆರೆಯನ್ನು ಎಳೆ ಎಣಿಸಿ ಹಾಕಲು ಹೋದರೆ ಅದು ಮುರಿದು ಮುರಿದು ಕಡ್ಡಿಯಾಗುತ್ತದೆ. ಸಾಲಾಗಿ ಹತ್ತು ಕಡ್ಡಿ ನಿಂತರೆ ಬೇಲಿಯೇ ಅಲ್ವಾ? ನಿನ್ನ ಅಜ್ಜಿಯ ನವಿಲನ್ನು ಮತ್ತೊಮ್ಮೆ ನೋಡು. ಅದಕ್ಕೂ ಉದ್ದ ಕುತ್ತಿಗೆ ಇದೆ. ಮುರ್ಗಿ ಹೊಲಿಗೆಯ ಮೆಟ್ಟಿಲು ಹತ್ತಿಸಿ ಹತ್ತಿಸಿ ಅದನ್ನು ಹೇಗೆ ಬಾಗಿಸಿದ್ದಾರೆ ಅಂತ ಎಣಿಸು. ಬೆಳ್ಳಕ್ಕಿಯ ಮೈಗೆ ಬರೀ ಗೆರೆ ಸಾಲದು. ನೇಯ್ದಂತೆ ಕಾಣುವ ನೇಗಿ ಹೊಲಿಗೆ ತುಂಬಿದರೆ ಬಿಳುಪು ಬರುತ್ತದೆ, ಹಕ್ಕಿಗೆ ತೂಕ ಬರುತ್ತದೆ. ಮುಂದಿನ ಸಲ ಗ್ರಾಫ್ ಹಾಳೆಯಲ್ಲಿ ಬರೆದುಕೋ. ಒಂದು ಮನೆಗೆ ಇಷ್ಟು ಎಳೆ ಅಂತ ಅಲ್ಲೇ ಲೆಕ್ಕ ಸಿಗುತ್ತದೆ.

ಇನ್ನೊಂದು ತಪ್ಪು ನಿನ್ನ ಅವಸರದ್ದು. ಮೊದಲ ಪ್ರಯತ್ನವನ್ನೇ ಸೀರೆಯ ಮೇಲೆ ಮಾಡಿದೆ.

ನನ್ನ ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿ ಒಂದು ಹಳೆಯ ಧೋತರದ ತುಂಡು ಸಿಕ್ಕಿತು. ಅದರ ತುಂಬ ಅರ್ಧಂಬರ್ಧ ಚಿತ್ತಾರ. ಒಂದು ಆನೆಯನ್ನೇ ಏಳು ಸಲ ಹಾಕಿದ್ದಳು. ಒಂದರ ಸೊಂಡಿಲು ನೆಲಕ್ಕೆ ತಾಗಿದೆ, ಒಂದರದು ಅಂಬಾರಿಗೆ ಸಿಕ್ಕಿಕೊಂಡಿದೆ. ಏಳನೆಯದು ನಮ್ಮ ಅಕ್ಕನ ಮದುವೆಯ ಸೀರೆಯಲ್ಲಿದ್ದ ಆನೆ! ಆ ಸೀರೆ ನೋಡಿ ಅವ್ವನ ಕೈ ಹೊಗಳಿದವರು ಎಷ್ಟೋ ಜನ. ಆ ಧೋತರದ ತುಂಡು ಮಾತ್ರ ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಅವ್ವ ಕೂತ ಕೂಡಲೇ ಆನೆ ಬಂತು ಅಂತಲೇ ತಿಳಿದಿದ್ದೆ. ನಿನಗೂ ಅಂಥದ್ದೊಂದು ತುಂಡು ಬೇಕು, ತಂಗಿ. ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆ ಒಂದು ಮೀಟರ್ ತಂದಿಟ್ಟುಕೋ. ಅದರಲ್ಲಿ ಹಕ್ಕಿ ಎಷ್ಟು ಸಲ ಕೆಟ್ಟರೂ ಒಂದನ್ನೂ ಬಿಚ್ಚಬೇಡ.

ಅಜ್ಜಿಯ ಕೈ ನೆನೆಸಿಕೊಂಡು ಕುಗ್ಗುತ್ತಿದ್ದೀಯೇನೋ ಅಂತಲೂ ಅನ್ನಿಸಿತು. ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಗ್ರಾಮಫೋನ್ ರೆಕಾರ್ಡ್ ಸಿಕ್ಕರೆ ಕೇಳು. ತೆಳ್ಳಗಿನ, ಏರು ದನಿ. ಮುಂದೆ ಗಂಟಲಿಗೆ ಚಿಕಿತ್ಸೆಯಾಗಿ ದನಿ ದಪ್ಪಗಾಯಿತು, ಗಂಡು ದನಿ ಅನ್ನುವಷ್ಟು. ಹಾಡುವವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದಿದೆ? ಅವರು ಇದ್ದ ದನಿಯಲ್ಲೇ ಹಾಡಿದರು. ಇವತ್ತು ಅವರ ಹೆಸರು ಹೇಳಿದರೆ ನಮ್ಮ ಕಿವಿಗೆ ಬರುವುದು ಆ ದಪ್ಪ ದನಿಯೇ. ಅಜ್ಜಿಯ ತೇರು ಕೂಡ ಒಂದು ಕಾಲಕ್ಕೆ ಯಾವಳೋ ಹೆಣ್ಣುಮಗಳು ಜಾತ್ರೆ ನೋಡಿ ಬಂದು, ಮೊದಲ ಸಲ ಎಳೆ ಎಣಿಸಿ ಹಾಕಿದ್ದೇ ಇರಬೇಕಲ್ಲ. ಅವಳ ಮೊದಲ ತೇರೂ ವಾಲಿಯೇ ಇದ್ದೀತು.

ಅತ್ತೆಯ ಮಾತಿಗೆ ಸಿಟ್ಟಾಗಬೇಡ. ದುಡ್ಡಿನ ಲೆಕ್ಕದಲ್ಲಿ ಅವರು ಹೇಳಿದ್ದು ಸರಿ. ಆರ್ಡರ್ ಬಿಡಬೇಡ. ವಾರಕ್ಕೆ ಒಂದು ಮಧ್ಯಾಹ್ನ ಮಾತ್ರ ನಿನ್ನ ಹಕ್ಕಿಗೆ ಇಟ್ಟುಕೋ. ಬೆಳಕು ಚೆನ್ನಾಗಿರುವಾಗ ಕೂತುಕೋ. ಕಣ್ಣಿನ ಬಗ್ಗೆ ಅವರಿಗಿರುವ ಕಾಳಜಿ ನನಗೂ ಇದೆ.

ಇನ್ನು ಆ ಸೀರೆ. ಅದನ್ನು ಮಾರಬೇಡ, ನೀನೇ ಉಟ್ಟುಕೋ. ಶೀಗಿ ಹುಣ್ಣಿಮೆಗೆ ತವರಿಗೆ ಹೋಗುತ್ತೀಯಲ್ಲ, ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಅದನ್ನೇ ಉಡು. ಬುತ್ತಿಯ ಜೊತೆ ಗ್ರಾಫ್ ಹಾಳೆ, ಪೆನ್ಸಿಲ್ ಇರಲಿ. ಎಲ್ಲರೂ ಊಟಕ್ಕೆ ಕೂತಾಗ ನೀನು ಸ್ವಲ್ಪ ದೂರ ಬದುವಿನ ಮೇಲೆ ಕೂತು, ಬೆಳ್ಳಕ್ಕಿ ಕುತ್ತಿಗೆಯನ್ನು ಎಲ್ಲಿ ಮಡಚುತ್ತದೆ ಅಂತ ನೋಡು. ಆಮೇಲೆ ಮ್ಯಾಟಿ ಬಟ್ಟೆಯ ಮೇಲಿನ ಮೊದಲ ಹಕ್ಕಿಯ ಫೋಟೋ ನನಗೆ ಕಳಿಸು. ಕೆಟ್ಟಿದ್ದರೂ ಕಳಿಸು.